ಬಾಕಿ ಪಾವತಿ: ನ್ಯಾಯದ ಒರೆಗಲ್ಲು

ನ್ಯಾಯವೆಂಬುದು ನ್ಯಾಯಾಲಯದಲ್ಲಿ ಮಾತ್ರ ನಿರ್ಣಯವಾಗುವ ವಿಷಯವಲ್ಲ. ಸರಬರಾಜುದಾರನ ಬಿಲ್ಲು ಎಷ್ಟು ದಿನ ಪಾವತಿಯಾಗದೆ ಉಳಿಯುತ್ತದೆ ಎಂಬುದರಲ್ಲಿಯೂ ಅದು ಅಡಗಿದೆ. ಬ್ಯಾಂಕಿನ ಕಂತನ್ನು ತಪ್ಪದೆ ಕಟ್ಟುವ ಖರೀದಿದಾರನು ಸಣ್ಣ ಉದ್ದಿಮೆದಾರನ ಹಣವನ್ನು ತಡೆಹಿಡಿದರೆ, ಆತನ ದುಡಿಯುವ ಬಂಡವಾಳವನ್ನು ಬಡ್ಡಿಯಿಲ್ಲದೆ ಬಳಸಿಕೊಂಡಂತಾಗುತ್ತದೆ.

2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆಯನ್ವಯ, ನೋಂದಾಯಿತ ಸೂಕ್ಷ್ಮ ಹಾಗೂ ಸಣ್ಣ ಉದ್ಯಮಗಳಿಗೆ, ಸರಕು ಸ್ವೀಕರಿಸಿದ ಮೇಲೆ, ಲಿಖಿತ ಒಪ್ಪಂದವಿದ್ದರೆ ಒಪ್ಪಿದ ಅವಧಿಯಲ್ಲಿ (ಗರಿಷ್ಠ 45 ದಿನ), ಇಲ್ಲದಿದ್ದರೆ 15 ದಿನಗಳಲ್ಲಿ ಹಣ ಸಂದಾಯವಾಗಬೇಕು. ತಪ್ಪಿದಲ್ಲಿ, ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ದರದಲ್ಲಿ ಮಾಸಿಕ ಚಕ್ರಬಡ್ಡಿ ತೆರಬೇಕು.

ಆದರೆ ಮುಂದಿನ ಆರ್ಡರ್ ಕೈತಪ್ಪೀತೆಂಬ ಅಂಜಿಕೆಯಿಂದ ಅನೇಕರು ಈ ಬಡ್ಡಿಯನ್ನು ಕೇಳುವುದೇ ಇಲ್ಲ. ಕೇಳಲಾರದವನಿಗೂ ಸಕಾಲದಲ್ಲಿ ಸಲ್ಲಿಸುವುದೇ ನಿಜವಾದ ನ್ಯಾಯ.