ನಮ್ಮ ರಾಣಿಯ ಏಳು ಮರಿಗಳು: ಹುಟ್ಟಿದ ದಿನದಿಂದ ಬೇರೆ ಮನೆ ಸೇರುವ ತನಕ



ಈ ಸಲದ ಗೋಡೆ ಪತ್ರಿಕೆಗೆ "ನಿಮಗೆ ಗೊತ್ತಿರುವುದನ್ನೇ ಬರೆಯಿರಿ, ಪುಸ್ತಕ ನೋಡಿ ಇಳಿಸಬೇಡಿ" ಎಂದು ಕನ್ನಡ ಸರ್ ಹೇಳಿದರು. ನನಗೆ ಚೆನ್ನಾಗಿ ಗೊತ್ತಿರುವುದು ನಾಯಿಮರಿ ಸಾಕುವುದು. ನಮ್ಮ ಕಡೆ ಮರಿಗೆ ಕುನ್ನಿ ಅಂತೀವಿ. ಕಳೆದ ಡಿಸೆಂಬರ್‌ನಲ್ಲಿ ನಮ್ಮ ಮನೆಯ ರಾಣಿ ಏಳು ಕುನ್ನಿ ಹಾಕಿತು. ಅವುಗಳಿಂದ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ನಾನು ಮಾಡಿದ ಒಂದು ತಪ್ಪನ್ನೂ ಬರೆದಿದ್ದೇನೆ. ಅದನ್ನು ನೀವು ಮಾಡಬಾರದು.

ರಾಣಿ ನಮ್ಮ ತಾಲೂಕಿನ ಹೆಸರಿನದೇ ನಾಯಿ, ಅಂದರೆ ಮುಧೋಳ ನಾಯಿ. ಉದ್ದ ಮೂತಿ, ಸಣ್ಣ ನಡು, ಉದ್ದ ಕಾಲು. ಓಡಿದರೆ ಮೊಲ ಸಹ ತಪ್ಪಿಸಿಕೊಳ್ಳುವುದು ಕಷ್ಟ. ಮುಧೋಳದ ರಾಜರಾಗಿದ್ದ ಮಾಲೋಜಿರಾವ್ ಘೋರ್ಪಡೆಯವರು ಈ ನಾಯಿಗಳನ್ನು ಇಂಗ್ಲೆಂಡಿನ ರಾಜ 5ನೇ ಜಾರ್ಜ್‌ಗೆ ಕಾಣಿಕೆ ಕೊಟ್ಟರೆಂದು ನಮ್ಮ ಕಡೆ ಎಲ್ಲರೂ ಹೇಳುತ್ತಾರೆ. 2005ರಲ್ಲಿ ಅಂಚೆ ಇಲಾಖೆ ಇದರ ಚಿತ್ರವಿರುವ ಅಂಚೆ ಚೀಟಿ ತಂದಿತು. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಈ ನಾಯಿಗಳಿಗಾಗಿಯೇ ಸಂಶೋಧನಾ ಕೇಂದ್ರ ಇದೆ. ಇಷ್ಟು ದೊಡ್ಡ ಹೆಸರಿನ ನಾಯಿಯಾದರೂ ಹುಟ್ಟಿದಾಗ ಒಂದು ಬದನೆಕಾಯಿಯಷ್ಟೇ ಇರುತ್ತದೆ!

ಹುಟ್ಟುವ ಮೊದಲು

ನಾಯಿಯ ಗರ್ಭದ ಕಾಲ ಸುಮಾರು 63 ದಿನ. ಎರಡು ಮೂರು ದಿನ ಹೆಚ್ಚು ಕಡಿಮೆ ಆಗಬಹುದು. ಅಪ್ಪ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದರು. ಒಂದು ವಾರ ಮೊದಲೇ ದನದ ಮನೆಯ ಮೂಲೆಯಲ್ಲಿ ಜಾಗ ಮಾಡಿದೆವು. ಕೆಳಗೆ ಒಣ ರವದಿ, ಅದರ ಮೇಲೆ ಗೋಣಿಚೀಲ, ಅದರ ಮೇಲೆ ಅವ್ವನ ಹಳೆಯ ಕೌದಿ. ಮರಿ ಹೊರಗೆ ಉರುಳದಂತೆ ಸುತ್ತ ಒಂದು ಗೇಣು ಎತ್ತರದ ಹಲಗೆ ಇಟ್ಟೆವು.

ಮರಿ ಹಾಕುವ ದಿನ ರಾಣಿ ಊಟ ಬಿಟ್ಟಿತು. ಕಾಲಿನಿಂದ ಕೌದಿ ಕೆದರಿತು, ತೇಕಿತು. ರಾತ್ರಿ ಎಂಟಕ್ಕೆ ಮೊದಲ ಮರಿ, ಒಂದು ಗಂಟೆಗೆ ಏಳನೆಯದು. ಪ್ರತಿ ಮರಿಯೂ ಒಂದು ತೆಳ್ಳನೆಯ ಪೊರೆಯೊಳಗೆ ಇರುತ್ತದೆ. ತಾಯಿಯೇ ಅದನ್ನು ಹರಿದು, ಹೊಕ್ಕುಳ ಬಳ್ಳಿ ಕಡಿದು, ಮರಿಯನ್ನು ನೆಕ್ಕುತ್ತದೆ. ನೆಕ್ಕಿದಾಗಲೇ ಮರಿ ಉಸಿರು ಎಳೆದುಕೊಂಡು ಚೀಂಯ್ ಅನ್ನುತ್ತದೆ. ನಾವು ಸುಮ್ಮನೆ ದೂರ ಕುಳಿತು ನೋಡಬೇಕು. ಆದರೆ ತಾಯಿ ಒಂದು ತಾಸು ಮುಕ್ಕಿದರೂ ಮರಿ ಬರದಿದ್ದರೆ ತಡ ಮಾಡದೆ ಪಶು ವೈದ್ಯರನ್ನು ಕರೆಯಬೇಕು.

ಮೊದಲ ವಾರ

ಹುಟ್ಟಿದ ಮರಿಗೆ ಕಣ್ಣು ಕಾಣುವುದಿಲ್ಲ, ಕಿವಿ ಕೇಳುವುದಿಲ್ಲ, ಹಲ್ಲಿಲ್ಲ. ಉಚ್ಚೆ ಹೊಯ್ಯುವುದೂ ತಾನಾಗಿ ಬರುವುದಿಲ್ಲ. ತಾಯಿ ಹೊಟ್ಟೆ ನೆಕ್ಕಿದರೆ ಮಾತ್ರ ಹೊಯ್ಯುತ್ತದೆ. ಅದಕ್ಕೆ ಗೊತ್ತಿರುವುದು ಎರಡೇ: ಬೆಚ್ಚಗೆ ಇರುವ ಕಡೆ ತೆವಳುವುದು, ಮೊಲೆ ಹುಡುಕುವುದು.

ಮೊದಲ ದಿನದ ಹಾಲು ಹಳದಿಯಾಗಿ ದಪ್ಪಗಿರುತ್ತದೆ. ಹಸು ಈದಾಗ ನಾವು ಗಿಣ್ಣದ ಹಾಲು ಅನ್ನುತ್ತೇವಲ್ಲ, ಹಾಗೆ. ರೋಗ ತಡೆಯುವ ಶಕ್ತಿ ತಾಯಿಯಿಂದ ಮರಿಗೆ ಈ ಹಾಲಿನಲ್ಲೇ ಬರುತ್ತದೆ. ಮೊದಲ ಒಂದು ದಿನದ ಒಳಗೆ ಕುಡಿದರೆ ಮಾತ್ರ ಅದು ಮೈಗೆ ಹತ್ತುತ್ತದೆ. ಆದ್ದರಿಂದ ಏಳೂ ಮರಿ ಕುಡಿದವೋ ಇಲ್ಲವೋ ಎಂದು ನೋಡಬೇಕು.

ಏಳೂ ಒಂದೇ ತರಹ ಕಾಣುತ್ತಿದ್ದವು. ಗುರುತಿಗೆ ನಾನು ಒಂದೊಂದರ ಕೊರಳಿಗೆ ಒಂದೊಂದು ಬಣ್ಣದ ಉಣ್ಣೆ ದಾರ ಸಡಿಲಾಗಿ ಕಟ್ಟಿದೆ. ಮರಿ ಬೇಗ ಬೆಳೆಯುತ್ತದೆ, ಅದಕ್ಕೆ ಎರಡು ದಿನಕ್ಕೊಮ್ಮೆ ದಾರ ಬಿಚ್ಚಿ ಕಟ್ಟಬೇಕು. ಕಿರಾಣಿ ಅಂಗಡಿ ಕಾಕಾ ತಮ್ಮ ಹಳೆಯ ತಕ್ಕಡಿ ಕೊಟ್ಟರು. ದಿನಾ ಸಂಜೆ ತೂಕ ಮಾಡಿ ಗಣಿತದ ಹಳೆ ನೋಟ್‌ಬುಕ್ಕಿನಲ್ಲಿ ಬರೆದೆ. ಕೆಂಪು ದಾರದ್ದು ಹುಟ್ಟಿದಾಗ 380 ಗ್ರಾಂ, ಹತ್ತನೇ ದಿನ 790 ಗ್ರಾಂ. ಮರಿ ಎಂಟು ಹತ್ತು ದಿನದಲ್ಲಿ ತೂಕ ಎರಡು ಪಟ್ಟು ಆಗಬೇಕು. ಎರಡು ದಿನ ತೂಕ ಏರದಿದ್ದರೆ ಏನೋ ತೊಂದರೆ ಇದೆ ಎಂದು ತಿಳಿಯಬೇಕು. ಎಲ್ಲಕ್ಕಿಂತ ಸಣ್ಣದು ಬಿಳಿ ದಾರದ್ದು, 260 ಗ್ರಾಂ. ಉಳಿದವು ಅದನ್ನು ತಳ್ಳಿಬಿಡುತ್ತಿದ್ದವು. ಹಿಂದಿನ ಮೊಲೆಗಳಲ್ಲಿ ಹಾಲು ಜಾಸ್ತಿ ಇರುತ್ತದೆ ಎಂದು ಅವ್ವ ಹೇಳಿದಳು. ಎರಡು ತಾಸಿಗೊಮ್ಮೆ ಬಿಳಿ ಮರಿಯನ್ನು ಅಲ್ಲಿ ಹಿಡಿದೆವು. ಅದು ಬದುಕಿತು.

ನನ್ನ ತಪ್ಪು

ಸತ್ತದ್ದು ಸಣ್ಣ ಮರಿ ಅಲ್ಲ, 350 ಗ್ರಾಂ ಇದ್ದ ಹಳದಿ ದಾರದ ಗಟ್ಟಿ ಮರಿ.

ಮೂರನೇ ರಾತ್ರಿ ಚಳಿ ಬಹಳ ಇತ್ತು. ಬೆಚ್ಚಗಿರಲಿ ಎಂದು ಮೇಲೆ ಒಂದು ಬಲ್ಬು ಹಾಕಿದ್ದೆವು. ರಾತ್ರಿ ಕರೆಂಟು ಹೋಗಿದೆ, ನಮಗೆ ಗೊತ್ತೇ ಆಗಲಿಲ್ಲ. ನಸುಕಿನಲ್ಲಿ ನಾನು ಹೋಗಿ ನೋಡಿದರೆ ಹಳದಿ ಮರಿ ಕೌದಿಯ ಮಡಿಕೆಯೊಳಗೆ ಸಿಕ್ಕು ತಾಯಿಯಿಂದ ದೂರ ಬಿದ್ದಿತ್ತು. ಮುಟ್ಟಿದರೆ ತಣ್ಣಗೆ. ಬಾಯಿ ಆಡಿಸುತ್ತಿತ್ತು. ಹಸಿವಾಗಿದೆ ಎಂದುಕೊಂಡು ಯಾರನ್ನೂ ಎಬ್ಬಿಸದೆ ಆಕಳ ಹಾಲು ಕಾಸಿ ಹತ್ತಿಯಿಂದ ಹಿಂಡಿ ಕುಡಿಸಿದೆ. ಸ್ವಲ್ಪ ಮೂಗಿನಿಂದ ಹೊರಗೆ ಬಂತು. ಶಾಲೆಗೆ ಹೊರಡುವ ಹೊತ್ತಿಗೆ ಅದು ಸತ್ತಿತ್ತು. ಆ ದಿನ ನಾನು ಶಾಲೆಗೆ ಬರಲಿಲ್ಲ. ಹೊಟ್ಟೆನೋವು ಎಂದು ಚೀಟಿ ಬರೆದಿದ್ದೆ, ಸರ್ ಕ್ಷಮಿಸಬೇಕು.

ಸಂಜೆ ಪಶು ಆಸ್ಪತ್ರೆಯ ಡಾಕ್ಟರು ತಿಳಿಸಿ ಹೇಳಿದರು. ಎರಡು ವಾರದ ತನಕ ಮರಿಗೆ ತನ್ನ ಮೈಯನ್ನು ತಾನೇ ಬೆಚ್ಚಗೆ ಇಟ್ಟುಕೊಳ್ಳಲು ಬರುವುದಿಲ್ಲ. ಮೈ ತಣ್ಣಗಾದರೆ ಹೊಟ್ಟೆಯ ಕೆಲಸ ನಿಲ್ಲುತ್ತದೆ. ಆಗ ಹಾಲು ಹಾಕಿದರೆ ಅದು ಅರಗುವುದಿಲ್ಲ, ಸರಿಯಾಗಿ ನುಂಗಲೂ ಬಾರದೆ ಶ್ವಾಸಕೋಶಕ್ಕೆ ಹೋಗಬಹುದು. ಮೊದಲು ಮರಿಯನ್ನು ನಮ್ಮ ಎದೆಗೆ ಅವಚಿಕೊಂಡು, ಇಲ್ಲವೆ ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಪಕ್ಕಕ್ಕಿಟ್ಟು, ನಿಧಾನವಾಗಿ ಬೆಚ್ಚಗೆ ಮಾಡಬೇಕು. ಚುರುಕಾದ ಮೇಲೆಯೇ ಹಾಲು. ಅದೂ ತಾಯಿಯ ಹಾಲೇ ಮೇಲು. ನಾಯಿಯ ಹಾಲಿನಲ್ಲಿ ಕೊಬ್ಬು ಮತ್ತು ಪ್ರೋಟೀನು ಆಕಳ ಹಾಲಿನ ಎರಡು ಪಟ್ಟಿಗಿಂತ ಹೆಚ್ಚು. ಆಕಳ ಹಾಲಿನಲ್ಲಿ ಸಕ್ಕರೆ ಅಂಶ ಜಾಸ್ತಿ, ಎಳೆ ಮರಿಗೆ ಭೇದಿ ಆಗುತ್ತದೆ. ಕುಡಿಸುವಾಗ ಮರಿಯನ್ನು ಅಂಗಾತ ಹಿಡಿಯಬಾರದು, ಬೋರಲಾಗಿ ಹಿಡಿಯಬೇಕು. ನಾನು ಇವನ್ನೆಲ್ಲ ತಿರುಗಾ ಮುರುಗಾ ಮಾಡಿದ್ದೆ.

"ಗೊತ್ತಿಲ್ಲದ ಮಾಡೀದಿ, ಅಳಬ್ಯಾಡ. ಇನ್ನ ಆರು ಅದಾವು, ಅವನ್ನ ನೋಡು" ಅಂದಳು ಅವ್ವ. ಆ ರಾತ್ರಿಯಿಂದ ಅಜ್ಜ ದನದ ಮನೆಯಲ್ಲೇ ಹಾಸಿಕೊಂಡು ಮಲಗಿದರು. ಕರೆಂಟು ಹೋದರೆ ಬಿಸಿನೀರಿನ ಬಾಟಲಿ ಇಡುವುದು ಅವರ ಕೆಲಸವಾಯಿತು.

ಕಣ್ಣು ತೆರೆದ ಮೇಲೆ

ಹನ್ನೆರಡನೇ ದಿನ ಕೆಂಪು ದಾರದ ಮರಿ ಕಣ್ಣು ತೆರೆಯಿತು. ಸಾಮಾನ್ಯವಾಗಿ 10ರಿಂದ 14 ದಿನದಲ್ಲಿ ತೆರೆಯುತ್ತವೆ. ನಾವು ಬೆರಳಿನಿಂದ ಬಿಡಿಸಬಾರದು. ಮೊದಲು ಕಣ್ಣು ನೀಲಿಯಾಗಿ ಮಸುಕಾಗಿರುತ್ತದೆ. ಆಮೇಲೆ ಕಿವಿ ತೆರೆಯುತ್ತದೆ. ಮೂರನೇ ವಾರಕ್ಕೆ ಅಕ್ಕಿಕಾಳಿನಂತೆ ಹಲ್ಲು ಬರುತ್ತದೆ, ಮರಿ ತೂರಾಡುತ್ತಾ ನಡೆಯುತ್ತದೆ, ಬಾಲ ಆಡಿಸುತ್ತದೆ.

ಈ ಸಮಯದಲ್ಲಿ ತಾಯಿಯ ಊಟ ಮರೆಯಬಾರದು. ಆರು ಮರಿಗೆ ಹಾಲು ಕೊಡುವ ನಾಯಿಗೆ ಯಾವಾಗಿನದಕ್ಕಿಂತ ಎರಡು ಮೂರು ಪಟ್ಟು ಊಟ ಬೇಕು. ರಾಣಿಗೆ ಜೋಳದ ರೊಟ್ಟಿ, ಹಾಲು, ಬೇಯಿಸಿದ ತತ್ತಿ ಹಾಕಿದೆವು. ಹಾಲು ಕೊಡುವ ನಾಯಿ ಗಡಗಡ ನಡುಗಿದರೆ, ಕಾಲು ಸೆಟೆದರೆ ಅದು ಚಳಿ ಅಲ್ಲ. ಮೈಯಲ್ಲಿ ಸುಣ್ಣದ ಅಂಶ ಕಡಿಮೆಯಾಗಿರುತ್ತದೆ. ಕೂಡಲೇ ಡಾಕ್ಟರ ಹತ್ತಿರ ಒಯ್ಯಬೇಕು.

ಹಾಲಿನಿಂದ ಗಂಜಿಗೆ

ನಾಲ್ಕನೇ ವಾರ ಜೋಳದ ನುಚ್ಚನ್ನು ಮೆತ್ತಗೆ ಬೇಯಿಸಿ, ಸ್ವಲ್ಪ ಹಾಲು ಕಲಸಿ, ಅಗಲ ತಾಟಿನಲ್ಲಿ ಇಟ್ಟೆವು. ಮೊದಲ ದಿನ ತಿಂದದ್ದು ಕಡಿಮೆ, ತುಳಿದದ್ದು ಹೆಚ್ಚು! ಆಮೇಲೆ ರಾಣಿಯೇ ಬಂದು ಎಲ್ಲವನ್ನೂ ನೆಕ್ಕಿ ಸ್ವಚ್ಛ ಮಾಡಿತು. ದಿನಕ್ಕೆ ನಾಲ್ಕು ಸಲ ಸ್ವಲ್ಪ ಸ್ವಲ್ಪ ಕೊಡಬೇಕು. ತತ್ತಿಯನ್ನು ಬೇಯಿಸಿ ಪುಡಿ ಮಾಡಿ ಬೆರೆಸಿದರೆ ಒಳ್ಳೆಯದು. ಕುಡಿಯಲು ನೀರು ಯಾವಾಗಲೂ ಇರಬೇಕು.

"ನಾಯಿಗೆ ಕೆಲಸಿಲ್ಲ, ನಿಲ್ಲಾಕ ಹೊತ್ತಿಲ್ಲ" ಎಂಬ ಗಾದೆಯನ್ನು ಐದು ವಾರದ ಕುನ್ನಿ ನೋಡಿಯೇ ಮಾಡಿರಬೇಕು. ಅಪ್ಪನ ಚಪ್ಪಲಿ, ತಂಗಿಯ ರಿಬ್ಬನ್ನು, ನನ್ನ ಸಮಾಜ ವಿಜ್ಞಾನದ ಪುಸ್ತಕದ ಮೂಲೆ, ಎಲ್ಲ ಅವುಗಳ ಬಾಯಿಗೆ. ಆದರೆ ಈ ಆಟದಲ್ಲಿ ಒಂದು ಪಾಠ ಇದೆ. ಒಂದು ಮರಿ ಇನ್ನೊಂದನ್ನು ಜೋರಾಗಿ ಕಚ್ಚಿದರೆ ಅದು ಕುಂಯ್ ಎಂದು ಆಟ ಬಿಟ್ಟು ಹೋಗುತ್ತದೆ. ಹೀಗೆ ಎಷ್ಟು ಕಚ್ಚಬೇಕು, ಎಷ್ಟು ಕಚ್ಚಬಾರದು ಎಂದು ಅವು ಕಲಿಯುತ್ತವೆ. ಇದೇ ಸಮಯದಲ್ಲಿ ಮಕ್ಕಳು, ಮುದುಕರು, ಕುಕ್ಕರಿನ ಸೀಟಿ, ಟ್ರ್ಯಾಕ್ಟರಿನ ಶಬ್ದ ಎಲ್ಲ ರೂಢಿ ಮಾಡಿಸಬೇಕು. ಇಲ್ಲದಿದ್ದರೆ ದೊಡ್ಡದಾದ ಮೇಲೆ ಹೆದರಿ ಕಚ್ಚುತ್ತದೆ.

ಔಷಧ ಮತ್ತು ಲಸಿಕೆ

ಹೊಟ್ಟೆಹುಳು ತಾಯಿಯಿಂದಲೇ ಮರಿಗೆ ಬರುತ್ತದೆ. ಆದ್ದರಿಂದ 15ನೇ ದಿನಕ್ಕೆ ಹುಳುವಿನ ಔಷಧ ಶುರು ಮಾಡಿ, ಮೂರು ತಿಂಗಳ ತನಕ 15 ದಿನಕ್ಕೊಮ್ಮೆ ಕೊಡಬೇಕು. ತೂಕ ನೋಡಿ ಡಾಕ್ಟರು ಎಷ್ಟು ಹೇಳುತ್ತಾರೋ ಅಷ್ಟೇ. ಈ ಹುಳು ಮಕ್ಕಳಾದ ನಮಗೂ ಬರಬಹುದು. ಮರಿ ಮುಟ್ಟಿದ ಮೇಲೆ ಸೋಪು ಹಚ್ಚಿ ಕೈ ತೊಳೆಯಬೇಕು.

ಪಾರ್ವೊ ಎಂಬ ರೋಗದಲ್ಲಿ ಮರಿ ವಾಂತಿ ಮಾಡಿ, ರಕ್ತಭೇದಿಯಾಗಿ ಎರಡು ಮೂರು ದಿನದಲ್ಲೇ ಸಾಯಬಹುದು. ಅದರ ವೈರಸ್ಸು ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ, ಚಪ್ಪಲಿಗೆ ಹತ್ತಿ ಬರುತ್ತದೆ. ಮರಿ ನೋಡಲು ಬಂದವರಿಗೆ ನಾನು ಚಪ್ಪಲಿ ಹೊರಗೆ ಬಿಡಿ ಅನ್ನುತ್ತಿದ್ದೆ. "ಏನ್ ಗುಡಿ ಏನ್ ಇದು?" ಎಂದು ನಕ್ಕರು. ನಗಲಿ. ಈ ರೋಗದ ಮೊದಲ ಲಸಿಕೆ ಆರರಿಂದ ಎಂಟು ವಾರದ ಒಳಗೆ, ಆಮೇಲೆ ಮತ್ತೆ ಹಾಕಿಸಬೇಕು. ಹುಚ್ಚುನಾಯಿ ರೋಗದ ಲಸಿಕೆ ಮೂರು ತಿಂಗಳಿಗೆ. ಯಾವ ನಾಯಿ ಕಚ್ಚಿದರೂ, ಸಣ್ಣ ಮರಿ ಪರಚಿದರೂ, ಗಾಯವನ್ನು ಸೋಪು ನೀರಿನಿಂದ 15 ನಿಮಿಷ ತೊಳೆದು ಅದೇ ದಿನ ದವಾಖಾನೆಗೆ ಹೋಗಬೇಕು. ಸುಣ್ಣ, ಖಾರದಪುಡಿ ಹಚ್ಚಬಾರದು.

ಮನೆ ಬಿಡುವ ದಿನ

ಸಂಕ್ರಾಂತಿಯ ಮಾರನೇ ದಿನ ಒಬ್ಬರು ಬಂದು ಕೆಂಪು ದಾರದ ಗಂಡುಮರಿ ಈಗಲೇ ಬೇಕೆಂದರು. ಆಗ ಮರಿಗೆ 32 ದಿನ. "ರೊಟ್ಟಿ ತಿನ್ನಾಕತ್ತೈತಿ, ಇನ್ನೇನ್ ಬೇಕು?" ಎಂದು ರೊಕ್ಕ ತೆಗೆದರು. ಕಬ್ಬಿನ ಬಿಲ್ಲು ಬಂದಿರಲಿಲ್ಲ, ಅಪ್ಪನಿಗೆ ರೊಕ್ಕದ ಜರೂರು ಇತ್ತು. ಅಪ್ಪ ನನ್ನ ಮುಖ ನೋಡಿದರು. ನಾನು ನೋಟ್‌ಬುಕ್ ತಂದು ಡಾಕ್ಟರು ಹೇಳಿದ್ದನ್ನು ಓದಿದೆ: ಮರಿಗೆ ಲಸಿಕೆ ಆಗಿಲ್ಲ, ಕಚ್ಚುವ ಪಾಠ ಮುಗಿದಿಲ್ಲ, ಎಂಟು ವಾರ ತುಂಬದ ಮರಿ ಮಾರಬಾರದೆಂದು 2017ರ ಕೇಂದ್ರ ಸರ್ಕಾರದ ನಿಯಮವೂ ಇದೆ. ಓದುವಾಗ ಕಾಲು ನಡುಗುತ್ತಿತ್ತು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಅಪ್ಪ, "ಹೌದ್ರಿ, ಆಕಿ ಹೇಳೂದು ಖರೇ ಐತಿ. ಎಂಟು ವಾರ ಆದಮ್ಯಾಲ ಬರ್ರಿ" ಅಂದರು. ಅವರು ಸಿಟ್ಟಿನಿಂದ ಹೋದರು. ಆದರೆ ಫೆಬ್ರವರಿಯಲ್ಲಿ ತಿರುಗಿ ಬಂದು ಅದೇ ಮರಿ ಒಯ್ದರು. ಇನ್ನೊಂದು ಗಂಡುಮರಿಯೂ ಅದೇ ವಾರ ಹೋಯಿತು.

ಉಳಿದ ನಾಲ್ಕೂ ಹೆಣ್ಣು. "ಹೆಣ್ಣು ಯಾರ್ ಒಯ್ತಾರ? ಕೆನಾಲ್ ದಂಡಿಗೆ ಬಿಟ್ಟು ಬರ್ರಿ" ಎಂದು ಓಣಿಯಲ್ಲಿ ಕೆಲವರು ಹೇಳಿದರು. ಅವ್ವನಿಗೆ ಸಿಟ್ಟು ಬಂತು. ಬೇಟೆಯಲ್ಲಿ, ಕಾವಲಿನಲ್ಲಿ ಹೆಣ್ಣುನಾಯಿ ಏನೂ ಕಡಿಮೆ ಇಲ್ಲ. ಮರಿ ಆಗುತ್ತವೆ ಎಂಬುದೇ ಚಿಂತೆಯಾದರೆ ಡಾಕ್ಟರಿಂದ ಸಂತಾನಹರಣ ಆಪರೇಷನ್ ಮಾಡಿಸಬಹುದು. ಕೊನೆಗೆ ಕುರಿ ಕಾಯುವ ಅಜ್ಜ ಒಬ್ಬರು ಎರಡು ಮರಿ ಕೇಳಿದರು. ಹೆಣ್ಣು ಎಂದು ನಾನು ಮೊದಲೇ ಹೇಳಿದೆ. "ತೋಳ ಬಂದಾಗ ಗಂಡೇನು ಹೆಣ್ಣೇನು, ಬೊಗಳಾಕ ಬಂದ್ರ ಸಾಕು" ಎಂದು ನಕ್ಕು ಕಂಬಳಿಯಲ್ಲಿ ಕಟ್ಟಿಕೊಂಡರು. ಒಂದು ಅತ್ತೆಯ ಊರಿಗೆ ಹೋಯಿತು.

ಪ್ರತಿ ಮರಿಯ ಜೊತೆ ನಾನು ಒಂದು ಚೀಟಿ ಕೊಟ್ಟೆ. ಹುಟ್ಟಿದ ದಿನ, ಔಷಧ ಕೊಟ್ಟ ದಿನ, ಮುಂದಿನ ಲಸಿಕೆಯ ದಿನ, ಏನು ತಿನ್ನುತ್ತದೆ ಎಂಬುದು ಅದರಲ್ಲಿ ಇತ್ತು. ಊಟ ಒಮ್ಮೆಲೇ ಬದಲಿಸಿದರೆ ಭೇದಿ ಆಗುತ್ತದೆ. ರಾಣಿಯ ವಾಸನೆ ಇರುವ ಕೌದಿಯ ತುಂಡನ್ನೂ ಕೊಟ್ಟೆ. ಹೊಸ ಮನೆಯಲ್ಲಿ ಮೊದಲ ರಾತ್ರಿ ಮರಿ ಅಳುತ್ತದೆ. ಬೈಯಬಾರದು, ಹೊರಗೆ ಕಟ್ಟಬಾರದು, ಹತ್ತಿರ ಮಲಗಿಸಿಕೊಳ್ಳಬೇಕು.

ಬಿಳಿ ದಾರದ ಮರಿ ನಮ್ಮ ಮನೆಯಲ್ಲೇ ಉಳಿಯಿತು. 260 ಗ್ರಾಂ ಇದ್ದದ್ದು ಈಗ ನನ್ನ ಸೈಕಲ್ ಹಿಂದೆ ಶಾಲೆಯ ಗೇಟಿನ ತನಕ ಓಡಿ ಬರುತ್ತದೆ. ನೀವು ದಿನಾ ನೋಡುತ್ತೀರಿ. ಅದಕ್ಕೆ ಕಲ್ಲು ಹೊಡೆಯಬೇಡಿ. ನಿಮ್ಮ ಮನೆಯ ನಾಯಿ ಮರಿ ಹಾಕಿದರೆ ನನ್ನನ್ನು ಕರೆಯಿರಿ, ನೋಟ್‌ಬುಕ್ ತರುತ್ತೇನೆ. ಹಳದಿ ದಾರದ ಪುಟವನ್ನು ನಾನು ಹರಿದಿಲ್ಲ. ಅದರಲ್ಲಿ ಮೂರೇ ದಿನದ ತೂಕ ಇದೆ.

ಬರಹದಲ್ಲಿ ತಪ್ಪಿದ್ದರೆ ಗುರುಗಳು ತಿದ್ದಬೇಕು.

– 7ನೇ ತರಗತಿಯ ವಿದ್ಯಾರ್ಥಿನಿ