ಅಳಿಸಿದ್ದಕ್ಕೂ ಒಂದು ಅವಧಿ

ಯುನಿಕ್ಸ್‌ನ 1971ರ ಮೊದಲ ಕೈಪಿಡಿಯಲ್ಲಿಯೇ ಸ್ಥಾನ ಪಡೆದ ‘ಆರ್‌ಎಂ’ ಎಂಬ ಆಜ್ಞೆಯು, ಕಡತದ ಹೆಸರನ್ನು ಕೋಶದಿಂದ ಕಿತ್ತು, ಅದು ಆಕ್ರಮಿಸಿದ್ದ ಸ್ಥಳವನ್ನು ಅನ್ಯರಿಗೆ ಬಿಟ್ಟುಕೊಡುವ ತನ್ನ ಕಾರ್ಯವನ್ನು ಇಂದಿಗೂ ಮರುಮಾತಿಲ್ಲದೆ ನೆರವೇರಿಸುತ್ತಲಿದೆ. ಈ ವಿಧೇಯತೆಯ ಬೆಲೆ ಎಷ್ಟೆಂಬುದು 1998ರಲ್ಲಿ ಕ್ಯಾಲಿಫೋರ್ನಿಯಾದ ಪಿಕ್ಸಾರ್ ಸಂಸ್ಥೆಗೆ ಅರಿವಾಯಿತು.

‘ಟಾಯ್ ಸ್ಟೋರಿ 2’ ಚಿತ್ರದ ಕಡತಗಳಿದ್ದ ಕೋಶದ ಬುಡದಲ್ಲಿ ಯಾರೋ ಈ ಆಜ್ಞೆಯನ್ನು, ‘ಎಲ್ಲವನ್ನೂ’ ಎಂದು ಸೂಚಿಸುವ ನಕ್ಷತ್ರಚಿಹ್ನೆಯೊಡನೆ ಹೊರಡಿಸಿದ್ದರು. ಚಿತ್ರತಂಡದ ಓರೆನ್ ಜೇಕಬ್ ಮತ್ತು ಸಂಗಡಿಗರು ನೋಡುನೋಡುತ್ತಿದ್ದಂತೆಯೇ ಕಥಾನಾಯಕ ವುಡಿಯ ಟೋಪಿ ಹೋಯಿತು, ಬೂಟು ಹೋಯಿತು, ಕಡೆಗೆ ವುಡಿಯೇ ಹೋದನು. ಯಂತ್ರವನ್ನು ನಿಲ್ಲಿಸುವಷ್ಟರಲ್ಲಿ ಚಿತ್ರದ ಸುಮಾರು ಶೇ. 90 ಭಾಗ ನಷ್ಟವಾಗಿತ್ತು. ನೆಚ್ಚಿಕೊಂಡಿದ್ದ ಕಾಪುಪ್ರತಿಗಳೂ ಕೈಕೊಟ್ಟವು. ಹಸುಗೂಸಿನ ತಾಯಿಯಾಗಿ ಮನೆಯಿಂದಲೇ ದುಡಿಯುತ್ತಿದ್ದ, ಅದೇ ತಂಡದ ಗ್ಯಾಲಿನ್ ಸುಸ್ಮನ್ ಅವರ ಗಣಕದಲ್ಲಿ ಮಾತ್ರ ಒಂದು ಪ್ರತಿ ಉಳಿದಿತ್ತು. ಆ ಗಣಕವನ್ನು ಕಂಬಳಿಯಲ್ಲಿ ಸುತ್ತಿ ಕಾರಿನಲ್ಲಿ ಜೋಪಾನವಾಗಿ ಕಚೇರಿಗೆ ತಂದರು. ಇಂಥವರನ್ನೂ 2023ರಲ್ಲಿ ಅದೇ ಸಂಸ್ಥೆಯು ಕೆಲಸದಿಂದ ಕೈಬಿಟ್ಟಿತೆಂಬುದು ಓದಿದವರ ಸಹನೆಯನ್ನು ಕೆಡಿಸುವಂಥದು.

ದೂರದಲ್ಲೊಂದೆಡೆ ಇದ್ದುದರಿಂದ ಒದಗುವ ಇಂಥ ಉಳಿವು ನಮ್ಮ ಧಾರವಾಡ ಸೀಮೆಗೆ ಹೊಸತಲ್ಲ. ಪಂಪನ ತಾಯಿ ಅಬ್ಬಣಬ್ಬೆಯು ಅಣ್ಣಿಗೇರಿಯ ಜೋಯಿಸಸಿಂಘನ ಮೊಮ್ಮಗಳೆಂಬ ಸಂಗತಿಯನ್ನು ನಮಗೆ ಕಾಪಾಡಿಕೊಟ್ಟದ್ದು, ಕವಿಯ ತಮ್ಮ ಜಿನವಲ್ಲಭನು ಹತ್ತನೆಯ ಶತಮಾನದಲ್ಲಿ ದೂರದ ತೆಲಂಗಾಣದ ಕುರ್ಕ್ಯಾಲದ ಬಂಡೆಯ ಮೇಲೆ ಕೆತ್ತಿಸಿದ ಶಾಸನ.

ಅಳಿಸುವ ಮಾತಿಗೆ ಮರಳುವುದಾದರೆ, 1983ರ ಆಪಲ್ ಲೀಸಾ ಗಣಕದ ಪರದೆಯ ಮೇಲೆಯೇ ಕಸದಬುಟ್ಟಿಯಿದ್ದಿತಾದರೂ, ಬರಿಯ ಅಕ್ಷರಗಳಲ್ಲಿ ವ್ಯವಹರಿಸುವ ಕಮಾಂಡ್ ಲೈನಿಗೆ ಆ ಕರುಣೆ ತಡವಾಗಿ ಒದಗಿತು. ಲಿನಕ್ಸ್ ಡೆಸ್ಕ್‌ಟಾಪುಗಳಿಗಾಗಿ ಫ್ರೀಡೆಸ್ಕ್‌ಟಾಪ್ ಬಳಗವು ರೂಪಿಸಿದ ಕಸದಬುಟ್ಟಿಯ ನಿಯಮವನ್ನನುಸರಿಸಿ ಆಂಡ್ರಿಯಾ ಫ್ರಾನ್ಸಿಯಾ ರಚಿಸಿದ ‘ಟ್ರ್ಯಾಶ್-ಸಿಎಲ್‌ಐ’ ಎಂಬ ತಂತ್ರಾಂಶದಲ್ಲಿ, ‘ಟ್ರ್ಯಾಶ್-ಪುಟ್’ ಎಂದರೆ ಕಡತವು ಬುಟ್ಟಿಯ ‘ಫೈಲ್ಸ್’ ಕೋಶಕ್ಕೆ ಸರಿಯುವುದು. ಅದರ ಮೂಲಸ್ಥಾನವೂ ಅಳಿಸಿದ ದಿನ-ವೇಳೆಗಳೂ ಪಕ್ಕದ ‘ಇನ್ಫೋ’ ಕೋಶದಲ್ಲಿ ದಾಖಲಾಗುವುವು. ‘ಟ್ರ್ಯಾಶ್-ರಿಸ್ಟೋರ್’ ಆ ದಾಖಲೆಯನ್ನು ಹಿಡಿದು ಕಡತವನ್ನು ಸ್ವಸ್ಥಾನಕ್ಕೆ ಮರಳಿಸುವುದು. ‘ಟ್ರ್ಯಾಶ್-ಎಂಪ್ಟಿ 30’ ಎಂದರೆ ಮೂವತ್ತು ದಿನ ಮೀರಿದವಷ್ಟೇ ಶಾಶ್ವತವಾಗಿ ತೊಲಗುವುವು.

ಇಷ್ಟು ಸೌಕರ್ಯವಿದ್ದೂ ‘ಆರ್‌ಎಂ’ ಒತ್ತುವುದನ್ನೇ ಜಾಣತನವೆಂದು ಹೊಸಬರಿಗೆ ಕಲಿಸುವವರನ್ನು ಕಂಡರೆ ಬೇಸರವಾಗುತ್ತದೆ. ಆದರೆ ಬುಟ್ಟಿಯೂ ಸಾಮಾನ್ಯವಾಗಿ ಅದೇ ಡಿಸ್ಕಿನೊಳಗಿನ ವಸ್ತು. ಡಿಸ್ಕ್ ಕೆಟ್ಟರೆ ಕಡತವೂ ಬುಟ್ಟಿಯೂ ಒಟ್ಟಿಗೆ ಕೆಡುವುವು. ಅವಸರದ ಕೈಗೆ ಬುಟ್ಟಿ ಸಾಕು; ಕೆಡುವ ಯಂತ್ರಕ್ಕೆ ಎರಡನೆಯ ಪ್ರತಿ ಬೇಕು. ಕಲಘಟಗಿಯ ಮನೆಯ ಕಡತಗಳ ಒಂದು ಪ್ರತಿ ಹುಬ್ಬಳ್ಳಿಯ ಅಳಿಯನ ಮನೆಯಲ್ಲಿರಲಿ.