ಟ್ರ್ಯಾಕ್ಟರಿನ ಎಂಜಿನ್ ಎಣ್ಣೆ: ಆಯ್ಕೆಯೂ ಅವಧಿಯೂ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯಲ್ಲಿ ಕಬ್ಬಿನ ಹಂಗಾಮು ಬಂದಿತೆಂದರೆ ಟ್ರ್ಯಾಕ್ಟರಿಗೆ ಬಿಡುವಿಲ್ಲ. ಆದ್ದರಿಂದ ಎಣ್ಣೆಯ ಅವಧಿಯನ್ನು ತಾಸಿನ ಮೀಟರು ನೋಡಿ ಎಣಿಸತಕ್ಕದ್ದು. ಹಲವು ತಯಾರಕರು 250 ತಾಸುಗಳನ್ನು ಗೊತ್ತುಪಡಿಸಿರುವರು. ದಿನಕ್ಕೆ 10 ತಾಸು ದುಡಿದರೆ ಅದು 25 ದಿನಗಳಲ್ಲಿಯೇ ತೀರುವದು. ಧೂಳು ಹೆಚ್ಚಿದ್ದಲ್ಲಿ ಇನ್ನೂ ಬೇಗ ಬದಲಿಸುವದು ಹಿತಕರವು.

‘15ಡಬ್ಲ್ಯು-40’ ಎಂಬುದರಲ್ಲಿ ಮೊದಲನೆಯ ಅಂಕಿಯು ಚಳಿಯಲ್ಲಿಯ, ಎರಡನೆಯದು ಕಾದಾಗಿನ ಮಂದತ್ವವನ್ನು ಸೂಚಿಸುವದು. ಯಂತ್ರದ ಕೈಪಿಡಿಯಲ್ಲಿ ಹೇಳಿದ್ದನ್ನೇ ಕೊಳ್ಳಬೇಕು.

ಎಣ್ಣೆ ಕಪ್ಪಾದ ಮಾತ್ರಕ್ಕೆ ಕೆಟ್ಟಿತೆಂದಲ್ಲ. ಮಸಿಯನ್ನು ಹಿಡಿದಿಡುವದೂ ಅದರ ಕೆಲಸವೇ. ಹಾಲಿನಂತಾದರೆ ನೀರು ಸೇರಿದೆಯೆಂದು ತಿಳಿದು ಯಂತ್ರವನ್ನು ಕೂಡಲೇ ನಿಲ್ಲಿಸತಕ್ಕದ್ದು.

ಎಂಜಿನು ಬೆಚ್ಚಗಿರುವಾಗ ಹಳೆಯ ಎಣ್ಣೆಯನ್ನು ಪೂರ್ಣ ಇಳಿಸಿ, ಸೋಸುಕವನ್ನೂ ಹೊಸದಾಗಿ ಹಾಕಿಸಬೇಕು. ಇಳಿಸಿದ ಎಣ್ಣೆಯನ್ನು ಬಾವಿ, ಕಾಲುವೆಗಳ ಬಳಿ ಚೆಲ್ಲದಂತೆ ಊರಿನ ಹಿರಿಯರು ಎಚ್ಚರ ವಹಿಸುವದು ಅವಶ್ಯವು.